ಮಾವ ಸೊಸೆಯ ಬಂಪರ್

“ಇದೇನಮ್ಮಾ ಇದು, ಕಾಗೆ ಕಾಲು ಗುಬ್ಬಿ ಕಾಲು!” ಎಂದರು ಮಾವ.

ಸೊಸೆ ವೆಲ್ಡಿಂಗ್ ಮುಖವಾಡ ಎತ್ತಿ ನೋಡಿದಳು. ಬೆಸುಗೆ ಅಲ್ಲಲ್ಲಿ ಗುಡ್ಡೆ, ಅಲ್ಲಲ್ಲಿ ತೂತು. ಅವಳಿಗೇ ನಗು ಬಂತು. ಅವಳು ದನದ ಡಾಕ್ಟರು. ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆ ಜೀಪು ಹತ್ತಿಸುವಾಗ ಮುಂದಿನ ಬಂಪರ್ ಬಂಡೆಗೆ ಬಡಿದು ಮುರಿದಿತ್ತು. ಗಟ್ಟಿಮುಟ್ಟಾದದ್ದೊಂದನ್ನು ಮನೆಯಲ್ಲೇ ಮಾಡೋಣ ಎಂದು ಹೊರಟವಳು ಅವಳೇ. ಕಿಟಕಿ ಸರಳು, ಗೇಟು ಮಾಡುತ್ತಲೇ ತಲೆ ನರೆದ ಮಾವ ಮನೆಯಲ್ಲೇ ಇದ್ದರಲ್ಲ! ಆದರೆ ಕಾಯಿಲೆ ಬಿದ್ದೆದ್ದ ಮೇಲೆ ಅವರ ಕೈ ಅದುರುತ್ತಿತ್ತು. “ಹೇಳಿಕೊಡ್ತೀನಿ, ಮುಟ್ಟಲ್ಲ” ಎಂಬ ಕರಾರಿನ ಮೇಲೆ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು.

“ಹಸುಗೆ ಹೊಲಿಗೆ ಹಾಕೋವಾಗಲೂ ಹೀಗೇ ಓಡ್ತೀಯಾ?”

“ಹಸು ಒದೆಯುತ್ತೆ ಮಾವ, ಓಡಲೇಬೇಕು.”

“ಕಬ್ಬಿಣ ಒದೆಯಲ್ಲ. ನಿಧಾನಕ್ಕೆ ಎಳಿ. ಕಿವಿ ಕೊಟ್ಟು ಕೇಳು, ಎಣ್ಣೇಲಿ ಕರಿದ ಹಾಗೆ ಒಂದೇ ಸಮ ಚುರ್ ಅನ್ನಬೇಕು.”

ಉಜ್ಜಿ ತೆಗೆದು ಮತ್ತೆ ಹಾಕಿದಳು. ಮತ್ತೆ ಉಜ್ಜಿದಳು. ಕಡೆಗೊಮ್ಮೆ ಮೇಲೆ ಕಟ್ಟಿದ ಕಪ್ಪು ಕಿಟ್ಟವನ್ನು ಸುತ್ತಿಗೆಯಿಂದ ಕುಟ್ಟಿ ಉದುರಿಸಿದಾಗ, ಕೆಳಗೆ ಜಡೆ ಹೆಣೆದಂಥ ಬೆಸುಗೆ ಹೊಳೆಯಿತು. ಮಾವ ಕುರ್ಚಿ ಬಿಟ್ಟು ಎದ್ದದ್ದು ಅವರಿಗೇ ಗೊತ್ತಾಗಲಿಲ್ಲ.

ಇನ್ನು ಉಳಿದದ್ದು ಬಂಪರನ್ನು ಜೀಪಿಗೆ ಕಚ್ಚಿಸುವ ಎರಡು ದಪ್ಪ ಪಟ್ಟಿಗಳು. ಭಾರವೆಲ್ಲ ಬೀಳುವುದು ಅಲ್ಲೇ. ಮೂಲೆಯೋ ಬಲು ಇಕ್ಕಟ್ಟು. ಸೊಸೆ ಕೈಚೆಲ್ಲಿದಳು.

“ಇದು ನನ್ನ ಕೈಲಾಗಲ್ಲ ಮಾವ. ನೀವೇ ಹಾಕಿ.”

“ತಮಾಷೆನಾ? ಈ ಕೈ ನೋಡಿಯೂ ಹೇಳ್ತೀಯಲ್ಲ!”

“ಒದ್ದಾಡೋ ಹೋರೀನೇ ಹಿಡ್ಕೊಳ್ತೀನಿ. ನಿಮ್ಮ ಕೈ ಯಾವ ಲೆಕ್ಕ?”

ಇದ್ದದ್ದು ಒಂದೇ ಮುಖವಾಡ. ಅದನ್ನು ಅವರಿಗೆ ಹಾಕಿ, ತಾನು ಮುಖ ಆಚೆ ತಿರುಗಿಸಿ, ಎರಡೂ ಕೈಯಿಂದ ಅವರ ಮುಂಗೈಯನ್ನು ಬಿಗಿಯಾಗಿ ಹಿಡಿದಳು. ಕಿಡಿ ಹಾರಿತು. ಅವಳ ಹಿಡಿತದೊಳಗೆ ಆ ಕೈ ಮೊದಲು ನಡುಗಿತು, ಆಮೇಲೆ ದಾರಿ ಹಿಡಿಯಿತು. ಚುರ್ ಎಂಬ ಸದ್ದು ಎಲ್ಲೂ ಕಡಿಯದೆ ತುದಿ ಮುಟ್ಟಿತು. ಮಾವ ಮುಖವಾಡವನ್ನೂ ತೆಗೆಯದೆ, “ಎಲ್ಲಿ, ಆ ಕಡೆಯದು?” ಎಂದರು.

ಕಬ್ಬಿಣ ಆರಿದ ಮೇಲೆ ಬೋಲ್ಟು ಬಿಗಿದು, ಭಾರ ತಡೆಯುತ್ತದೋ ನೋಡಲು ಬಂಪರಿನ ಅಡಿಗೇ ಜಾಕ್ ಕೊಟ್ಟು ಜೀಪನ್ನು ಎತ್ತತೊಡಗಿದರು. ಅತ್ತೆ ಬಾಗಿಲಿಗೆ ಬಂದರು.

“ಮುರಿದು ಬಿದ್ರೆ ಏನು ಗತಿ?”

ಅಷ್ಟರಲ್ಲೇ ಟಣ್ ಎಂಬ ಸದ್ದು. ಯಾರೂ ಅಲುಗಾಡಲಿಲ್ಲ. ಮಾವ ಬಗ್ಗಿ ಬೆಸುಗೆಯನ್ನು ಇಂಚಿಂಚೂ ನೋಡಿದರು.

“ಮುರಿದಿಲ್ಲ ಕಣೇ. ಕಬ್ಬಿಣ ಮೈ ಮುರೀತು ಅಷ್ಟೇ!”

ಮುಂದಿನ ಚಕ್ರಗಳೆರಡೂ ನೆಲ ಬಿಟ್ಟವು. ಸೊಸೆ ಒಂದನ್ನು ಬೆರಳಲ್ಲಿ ತಳ್ಳಿದಳು. ಅದು ಗಾಳಿಯಲ್ಲಿ ಗಿರ್ರನೆ ತಿರುಗಿತು. ಅವಳು ಹಾಕಿದ ಕೇಕೆಗೆ ಗೋಡೆಯ ಮೇಲಿನ ಬೆಕ್ಕು ಕಾಲ್ಕಿತ್ತಿತು.

ಜೀಪು ಬೀದಿಗೆ ಹೊರಟಾಗ ಮಾವ ಒಳಗೆ ಕೂರಲು ಒಪ್ಪಲೇ ಇಲ್ಲ. ಬಂಪರಿನ ಮೇಲೇರಿ ಕೂತರು. ಸೊಸೆ ನಡಿಗೆಯಷ್ಟೇ ನಿಧಾನಕ್ಕೆ ಓಡಿಸಿದಳು.

“ರೀ, ಇಳೀರಿ! ನೋಡಿದವರು ಏನಂದ್ಕೊಳ್ತಾರೆ?” ಅತ್ತೆ ಚಪ್ಪಲಿಯನ್ನೂ ಮೆಟ್ಟದೆ ಹಿಂದೆಯೇ ಓಡಿದರು.

ಬೀದಿಯ ತಿರುವಿನಲ್ಲಿ ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದು ನೋಡಿದ. ಬಂಪರಿನ ಮೇಲೆ ಇಬ್ಬರು ಕೂತಿದ್ದರು. ಅತ್ತೆ ಬರಿಗಾಲು ಆಡಿಸುತ್ತಿದ್ದರು.