ಮಧ್ಯಾಹ್ನದ ಎದುರಾಳಿ

“ಆ ಕಂಪ್ಯೂಟರ್ ಮುಟ್ಟಿದ್ರೆ ಸರಿ ಇರಲ್ಲ ಅಂತ ಅವಳಿಗೆ ಹೇಳು!”

ಅತ್ತೆ ಗುಡುಗಿದ್ದು ಮಗನಿಗೆ. ‘ಅವಳು’, ಅಂದರೆ ಸೊಸೆ, ಎರಡಡಿ ದೂರದಲ್ಲೇ ಪೆನ್‌ಡ್ರೈವ್ ಹಿಡಿದು ನಿಂತಿದ್ದಳು.

“ಹಳೇ ಸಿಸ್ಟಮ್‌ಗೆ ಇನ್ಮೇಲೆ ಅಪ್‌ಡೇಟ್ ಬರಲ್ಲ. ವೈರಸ್ ಹೊಕ್ಕರೆ ಫೋಟೋಗಳೆಲ್ಲ ಮಣ್ಣುಪಾಲು ಅಂತ ನಿಮ್ಮಮ್ಮನಿಗೆ ಹೇಳಿ,” ಎಂದಳು ಸೊಸೆ.

ಮಗ ಯಾರಿಗೂ ಏನೂ ಹೇಳುವ ಗೋಜಿಗೆ ಹೋಗಲಿಲ್ಲ. ಇಬ್ಬರ ಕಿವಿಯೂ ಚುರುಕಾಗಿಯೇ ಇತ್ತು. ಅಡುಗೆಮನೆಯ ಡಬ್ಬಿಗಳನ್ನು ಹೇಗೆ ಜೋಡಿಸಬೇಕೆಂಬ ಘನಘೋರ ವಿಷಯಕ್ಕೆ ಅವರು ಮಾತು ಬಿಟ್ಟು ವರ್ಷವಾಗಿತ್ತು. ಅಂದಿನಿಂದ ಇವನೇ ಮನೆಯ ಅಂಚೆಯಣ್ಣ.

ಅತ್ತೆಯ ಸಂಕಟ ವೈರಸ್ಸಿನದಲ್ಲ, ಚದುರಂಗದ್ದು. ಊಟ ಮುಗಿಸಿ ಸೊಸೆ ಮಹಡಿಯ ಕೋಣೆ ಸೇರುತ್ತಿದ್ದಳು. ಎಲ್ಲೆಲ್ಲಿಯದೋ ಆಫೀಸುಗಳ ಕಂಪ್ಯೂಟರುಗಳನ್ನು ಕೂತಲ್ಲಿಂದಲೇ ಸರಿಪಡಿಸುವುದು ಅವಳ ಕೆಲಸ. ಅತ್ತೆ ಆಗ ಕೆಳಗೆ ಆಟ ತೆರೆಯುತ್ತಿದ್ದರು. ಕಂಪ್ಯೂಟರಿನೊಳಗಿನ ಎದುರಾಳಿಗೆ ‘ಆಸಾಮಿ’ ಎಂದು ಹೆಸರಿಟ್ಟಿದ್ದರು. ಆಸಾಮಿ ಮಹಾ ತುಂಟ. ಒಮ್ಮೊಮ್ಮೆ ಚಕಚಕನೆ ಕಾಯಿ ನಡೆಸುತ್ತಿದ್ದ, ಒಮ್ಮೊಮ್ಮೆ ಅರ್ಧ ಗಂಟೆ ಸುಮ್ಮನಾಗುತ್ತಿದ್ದ. ಅತ್ತೆಯ ಆನೆಗೆ ಅಪಾಯವಿದ್ದರೆ ‘ಜೋಪಾನ’ ಎಂದು ಪರದೆಯ ಮೇಲೆ ಬರೆಯುತ್ತಿದ್ದ. ಅತ್ತೆಗೆ ಜ್ವರ ಬಂದ ವಾರವಂತೂ ದಿನವೂ ಸೋತ, ಪಾಪ.

“ಹಳೇ ಯಂತ್ರ ಅಲ್ವಾಮ್ಮ, ಹಾಗೆಲ್ಲಾ ಎಡವಟ್ಟು ಮಾಡುತ್ತೆ,” ಎನ್ನುತ್ತಿದ್ದ ಮಗ.

“ಹೊಸ ಸಿಸ್ಟಮ್ಮಲ್ಲಿ ಆ ಆಟ ಓಡಲ್ಲ. ಬೇರೆ ಚದುರಂಗ ಹಾಕ್ಕೊಡ್ತೀನಿ ಅಂತ ಹೇಳಿ,” ಎಂದಳು ಸೊಸೆ. ದನಿ ಯಾಕೋ ಸಣ್ಣದಾಗಿತ್ತು. ಏನೇನೋ ನೆಪ ಹೇಳಿ ಈ ಕೆಲಸವನ್ನು ಮುಂದೂಡುತ್ತಲೇ ಬಂದವಳನ್ನು ಗಂಡನೇ ಹಟ ಹಿಡಿದು ಇವತ್ತು ಒಪ್ಪಿಸಿದ್ದ.

“ಆಸಾಮಿ ಹೋದ್ರೆ ಈ ಮನೇಲಿ ನನ್ನ ಜೊತೆ ಆಡೋರು ಯಾರು ಅಂತ ಕೇಳು!”

ಸೊಸೆ ಪೆನ್‌ಡ್ರೈವ್ ಸಿಕ್ಕಿಸಿದಳು. ಪರದೆ ಪ್ರಶ್ನೆ ಹಾಕಿತು: ‘ಹಳೆಯದನ್ನು ಅಳಿಸಲೇ?’

“ನನ್ನನ್ನ ಆಗಲೇ ಅಳಿಸಿದ್ದಾಯ್ತಲ್ಲ, ಇನ್ಯಾರನ್ನ ಅಳಿಸಬೇಕಂತೆ ಅದಕ್ಕೆ?” ಅತ್ತೆ ನಿಜವಾಗಿಯೂ ಕಣ್ಣೊರೆಸಿಕೊಂಡರು.

ಸೊಸೆ ‘ಹೌದು’ ಒತ್ತಿದಳು.

ಸಂಜೆಗೆ ಕಂಪ್ಯೂಟರ್ ಹೊಸ ಬಣ್ಣದಲ್ಲಿ ಮಿಂಚುತ್ತಿತ್ತು. ಅತ್ತೆ ಮುಖ ಗಂಟಿಕ್ಕಿಕೊಂಡೇ ಹೊಸ ಆಟಕ್ಕೆ ಕೂತರು. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮಂತ್ರಿಯನ್ನು ನುಂಗಿ ರಾಜನನ್ನು ಕಟ್ಟಿಹಾಕಿತು. ದಯೆಯಿಲ್ಲ, ದಾಕ್ಷಿಣ್ಯವಿಲ್ಲ.

“ಥೂ! ಇದಕ್ಕೆ ಆಡೋಕೇ ಬರಲ್ಲ, ಬರೀ ಗೆಲ್ಲೋಕೆ ಬರುತ್ತೆ,” ಎಂದು ಕಂಪ್ಯೂಟರ್ ಆರಿಸಿಬಿಟ್ಟರು.

ಸೊಸೆ ತಲೆ ತಗ್ಗಿಸಿ ಮಹಡಿಯ ಮೆಟ್ಟಿಲು ಹತ್ತತೊಡಗಿದಳು. ಅತ್ತೆ ಕಪಾಟಿನಿಂದ ಚದುರಂಗದ ಮಣೆ ತೆಗೆದು ಧೂಳು ಒರೆಸಿದರು. ಎರಡೂ ಕಡೆಯ ಕಾಯಿಗಳನ್ನು ಜೋಡಿಸಿದರು.

“ಯಾರ ಜೊತೆ ಆಡ್ತೀಯಮ್ಮ?” ಮಗ ಗಾಬರಿಯಾದ.

ಅತ್ತೆ ಅವನ ಕಡೆ ನೋಡಲಿಲ್ಲ. ಮೆಟ್ಟಿಲ ಕಡೆ ತಿರುಗಿ, ವರ್ಷದಲ್ಲಿ ಮೊದಲ ಸಲ, ನೇರವಾಗಿ ಸೊಸೆಗೇ ಹೇಳಿದರು:

“ಮಹಡಿ ಮೇಲಿಂದ ಆಡಿದ್ದು ಸಾಕು, ಎದುರಿಗೆ ಬಂದು ಕೂತ್ಕೊಳ್ಳೇ. ಮೊನ್ನೆ ‘ಈಗ ನಿಮ್ಮ ಸರದಿ ಅತ್ತೆ’ ಅಂತ ಬರೆದೆಯಲ್ಲ, ಯಾವ ಕಂಪ್ಯೂಟರಿಗೆ ನಾನು ಅತ್ತೆ ಆಗಬೇಕು?”