ಎದುರು ಬೆಂಚು

ಚೀಟಿ ಎತ್ತದೆಯೇ ಅವಳು ಎದ್ದು ನಿಂತಳು. "ಸರ್, ಇವತ್ತೂ ನಾನೇ ಸರ್ಕಾರದ ಪರ ವಾದ ಮಾಡ್ತೀನಿ." ಅಣಕು ನ್ಯಾಯಾಲಯದ ತರಗತಿಯಲ್ಲಿ ಯಾರು ಯಾರ ಪರ ಎಂಬುದನ್ನು ಚೀಟಿಯೇ ಹೇಳಬೇಕೆಂಬುದು ಮೇಷ್ಟ್ರ ಕಟ್ಟುನಿಟ್ಟು. ಆದರೂ ಈ ಮೊಕದ್ದಮೆಯ ಕಡತ ತಂದುಕೊಟ್ಟವಳು ಅವಳೇ ಎಂಬ ಕಾರಣಕ್ಕೆ ಮೂರನೇ ಸಲವೂ ಒಪ್ಪಿದರು.

"ಗೋದಾಮಿನ ಬೀಗ ಒಡೆದಿಲ್ಲ. ಬೀಗದ ಕೈ ಇದ್ದದ್ದು ಕಾವಲುಗಾರನ ಹತ್ತಿರ ಮಾತ್ರ. ಬೆಂಕಿ ಹತ್ತಿದ್ದು ಒಳಗಿನಿಂದ. ಅವನಲ್ಲದೆ ಇನ್ಯಾರು?" ಎಂದು ಕೇಳಿ, ಎದುರು ಬೆಂಚಿನ ಒಂದೊಂದು ಮುಖವನ್ನೂ ನೋಡಿದಳು. ಅವರು ಕಡತದ ಹಾಳೆಗಳನ್ನು ಹಿಂದೆ ಮುಂದೆ ಮಗುಚಿದರು. "ನಿನ್ನ ಮುಂದೆ ನಮ್ಮ ಬೇಳೆ ಬೇಯಲ್ಲ, ಬಿಡೇ," ಎಂದು ಆ ಬೆಂಚಿನಲ್ಲಿದ್ದ ಗೆಳತಿ ನಕ್ಕಳು.

"ಶಹಬ್ಬಾಸ್! ಮತ್ತೆ ಗೆದ್ದೆ, ಕೂತ್ಕೋಮ್ಮ," ಎಂದರು ಮೇಷ್ಟ್ರು. ಅವಳು ಕೂರಲಿಲ್ಲ. ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. "ಯಾರಾದ್ರೂ ನನ್ನ ಸೋಲಿಸ್ರಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ. ಆ ಕಾವಲುಗಾರ ನಮ್ಮಪ್ಪ. ನಾಳೆ ಅವರ ಅಪೀಲಿನ ವಿಚಾರಣೆ."

ಮೇಷ್ಟ್ರು ಎದುರು ಬೆಂಚಿಗೆ ಬಂದು ಕೂತರು. "ಇನ್ನೊಂದು ಸಲ ಹೇಳಮ್ಮ." ಅವಳು ಹೇಳಿದಳು. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಗಾಜು ಆಗಲೇ ಶುಭ್ರವಾಗಿತ್ತು, ಒರೆಸುತ್ತಲೇ ಇದ್ದರು.