ಹಾರವಿಲ್ಲದ ಯಂತ್ರ

“ಯಂತ್ರ ಸರಿಯಿಲ್ಲ ಅಂತ ಇವರು ಒಂದು ಪತ್ರವನ್ನೂ ಬರೆದಿಲ್ಲ, ಮಹಾಸ್ವಾಮಿ. ಬಾಕಿ ಕೊಡದ ಈ ಕಂಪನಿಯನ್ನು ಮುಚ್ಚಿಸಬೇಕು,” ಎಂದು ಯಂತ್ರ ಮಾರಿದವರ ವಕೀಲರು ವಾದ ಮುಗಿಸಿದರು.

ಕುಪ್ಪಗಡ್ಡೆಯ ಅಕ್ಕಿಮಿಲ್ಲು ಕಂಪನಿಯ ಒಡತಿ ರಾಜೇಶ್ವರಮ್ಮ ತಡೆಯಲಾರದೆ ಎದ್ದು, ಯಂತ್ರ ಮಾರಿದವರಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ ಆಯುಧಪೂಜೆಯ ಫೋಟೊವನ್ನು ಮೊಬೈಲಿನಲ್ಲಿ ಎತ್ತಿ ಹಿಡಿದರು. ಹಳೆಯ ಯಂತ್ರಗಳಿಗೆಲ್ಲ ಚೆಂಡುಹೂವಿನ ಹಾರ, ಹೊಸದೊಂದೇ ಬೋಳು. ಪಕ್ಕದಲ್ಲಿ ನಗುತ್ತ ನಿಂತವನು ಯಂತ್ರ ಮಾರಿದವರ ಇಂಜಿನಿಯರ್.

“ಓಡದೆ ಇರೋ ಯಂತ್ರಕ್ಕೆ ನಾನು ಪೂಜೆ ಮಾಡಲ್ಲ ಸ್ವಾಮಿ. ಕೆಳಗೆ ಆ ಇಂಜಿನಿಯರೇ ಬರೆದಿದ್ದು ಓದ್ರಿ.”

ನ್ಯಾಯಾಧೀಶರು ಓದಿದರು: ‘ಸಾರಿ ಅಮ್ಮ, ದೀಪಾವಳಿಯೊಳಗೆ ರಿಪೇರಿ ಮಾಡ್ಕೊಡ್ತೀವಿ.’ ತಾರೀಕು, ಬಾಕಿ ಕೇಳಿ ಮಾರಿದವರು ಕಳಿಸಿದ ನೋಟಿಸಿಗಿಂತ ಐದು ತಿಂಗಳು ಹಿಂದಿನದು. “ಯಂತ್ರದ ತಕರಾರು ನೋಟಿಸಿಗೆ ಮೊದಲೇ ಇತ್ತು. ಕಂಪನಿ ಮುಚ್ಚಿಸುವ ಅರ್ಜಿ ವಜಾ.”

ಹೊರಗೆ ಇಂಜಿನಿಯರ್ ತಲೆ ತಗ್ಗಿಸಿ ನಿಂತಿದ್ದ. ರಾಜೇಶ್ವರಮ್ಮ ಅವನೆದುರೇ ನಿಂತು ಗಟ್ಟಿಯಾಗಿ ಹೇಳಿದರು: “ಬಂದು ಓಡಿಸಿಕೊಡ್ರೀ. ಹಾರ ಅದಕ್ಕೂ ಹಾಕ್ತೀನಿ, ನಿಮಗೂ ಹಾಕ್ತೀನಿ!”